ಹಳೆಯ ಸ್ನೋ ಬ್ಲೋವರ್: ಮೊದಲು ಬಾಯಿ ನೋಡಿ, ಆಮೇಲೆ ಎಂಜಿನ್

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಮಿನ್ನಿಯಾಪೊಲಿಸ್, ಮ್ಯಾಡಿಸನ್, ಬಫಲೋ, ಟೊರಾಂಟೊ ಕಡೆಯ ಕನ್ನಡಿಗರು ವೀಸಾ, ಶಾಲೆ, ವಿಮೆ ಎಲ್ಲ ಬದಿಗಿಟ್ಟು ಒಂದೇ ಪ್ರಶ್ನೆ ಕೇಳುತ್ತಾರೆ: "ಈ ವರ್ಷ ಮನೆ ಕೊಂಡೆವು. ಹಿಂದಿನ ಯಜಮಾನರು ಗರಾಜಿನ ಮೂಲೆಯಲ್ಲಿ ಹಳೇ ಸ್ನೋ ಬ್ಲೋವರ್ ಬಿಟ್ಟು ಹೋಗಿದ್ದಾರೆ. ಹಗ್ಗ ಎಳೆದೂ ಎಳೆದೂ ಭುಜ ನೋವು ಬಂತೇ ಹೊರತು ಅದು ಮಿಸುಕಲಿಲ್ಲ. ಗುಜರಿಗೆ ಹಾಕೋದಾ, ರಿಪೇರಿ ಮಾಡೋದಾ?" ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರ ಬರೆದು ಸಾಕಾಗಿದೆ. ಈ ಸಲ ಎಲ್ಲರಿಗೂ ಸೇರಿಸಿ ಇಲ್ಲಿಯೇ ಹೇಳಿಬಿಡುತ್ತೇನೆ.

ಹಿಮ ಕಾಣದ ಊರಿನಲ್ಲಿ ಕೂತು ಓದುವವರಿಗೆ ಮೊದಲು ಯಂತ್ರದ ಪರಿಚಯ. ಪವರ್ ಟಿಲ್ಲರ್ ನೋಡಿದವರಿಗೆ ಇದರ ಹಿಡಿ, ಚಕ್ರ, ಹಿಂದಿನಿಂದ ನಡೆಯುತ್ತಾ ನಡೆಸುವ ರೀತಿ ಹೊಸದಲ್ಲ. ಮುಂದುಗಡೆ ಎರಡಡಿ ಅಗಲದ ಕಬ್ಬಿಣದ ತಗಡಿನ ಬಾಯಿ. ಬಾಯೊಳಗೆ ಅಡ್ಡಡ್ಡಲಾಗಿ ಒಂದು ಸುರುಳಿ, ಅದೇ ಆಗರ್. ನಿಮಿಷಕ್ಕೆ ನೂರು ಸುತ್ತಿನ ಆಸುಪಾಸಿನಲ್ಲಿ ಅದು ನಿಧಾನಕ್ಕೆ ತಿರುಗುತ್ತಾ ಹಿಮವನ್ನು ಕೆರೆದು ಎರಡೂ ಬದಿಯಿಂದ ನಡುವಿಗೆ ದೂಡುತ್ತದೆ. ನಡುವಿನಲ್ಲಿ, ತುಸು ಹಿಂದಕ್ಕೆ, ರೆಕ್ಕೆಗಳಿರುವ ಇಂಪೆಲರ್ ಅದಕ್ಕಿಂತ ಹತ್ತು ಪಟ್ಟು ಬಿರುಸಾಗಿ ತಿರುಗುತ್ತಿರುತ್ತದೆ. ಹಿಮ ಅದರ ರೆಕ್ಕೆಗೆ ಸಿಕ್ಕಿದ್ದೇ ತಡ, ಮೇಲಿನ ಕೊಳವೆಯಿಂದ ಚಿಮ್ಮಿ ಇಪ್ಪತ್ತು ಮೂವತ್ತು ಅಡಿ ಆಚೆ ಹೋಗಿ ಬೀಳುತ್ತದೆ. ಕೆರೆಯುವುದು ಒಂದು, ಎಸೆಯುವುದು ಇನ್ನೊಂದು. ಹಾಗಾಗಿ ಇದನ್ನು ಎರಡು ಹಂತದ ಯಂತ್ರ ಎನ್ನುತ್ತಾರೆ.

ಇದೆಲ್ಲ ಯಾಕೆ, ಸಲಿಕೆ ಇಲ್ಲವೇ ಎಂದು ಊರಿನಿಂದ ಬಂದ ಅಪ್ಪ ಅಮ್ಮ ಕೇಳುವುದುಂಟು. ಹಗುರ ಹಿಮಕ್ಕೆ ಸಲಿಕೆ ಸಾಕು. ಆದರೆ ನಗರಸಭೆಯ ನೇಗಿಲು ಗಾಡಿ ರಸ್ತೆ ಬಳಿದುಕೊಂಡು ಹೋಗುವಾಗ ನಮ್ಮ ಡ್ರೈವ್‌ವೇಯ ಬಾಯಿಗೆ ಅಡ್ಡಲಾಗಿ ಮೊಣಕಾಲುದ್ದದ ಒಂದು ಬದು ಕಟ್ಟಿ ಹೋಗುತ್ತದೆ. ಅದರಲ್ಲಿ ಇರುವುದು ಬರೀ ಹಿಮವಲ್ಲ. ಉಪ್ಪು, ಕೆಸರು, ಮಂಜುಗಡ್ಡೆ ಸೇರಿ ಗಟ್ಟಿಯಾದ ಮುದ್ದೆ. ಅದನ್ನು ಒಡೆದು ತೆಗೆಯದೆ ಕಾರು ಹೊರಬೀಳದು. ಜೊತೆಗೆ ಮನೆ ಮುಂದಿನ ಕಾಲುದಾರಿ ಬಳಿಯುವುದು ಮನೆಯವರ ಹೊಣೆ. ಮಿನ್ನಿಯಾಪೊಲಿಸ್‌ನಲ್ಲಿ ಹಿಮ ನಿಂತ 24 ಗಂಟೆಯೊಳಗೆ, ಮ್ಯಾಡಿಸನ್‌ನಲ್ಲಿ ಮರುದಿನ ಮಧ್ಯಾಹ್ನದೊಳಗೆ ಬಳಿಯಬೇಕು, ಇಲ್ಲದಿದ್ದರೆ ದಂಡ. ಚಳಿಯಲ್ಲಿ ಒದ್ದೆ ಹಿಮ ಎತ್ತಿ ಎತ್ತಿ ಎದೆ ಹಿಡಿದುಕೊಂಡವರ ಸುದ್ದಿ ಪ್ರತಿ ವರ್ಷ ಬರುತ್ತದೆ. ಐವತ್ತು ದಾಟಿದವರಿಗೆ ಸಲಿಕೆ ಹಿಡಿಯಿರಿ ಎಂದು ನಾನಂತೂ ಹೇಳುವುದಿಲ್ಲ.

ಹೊಸ ಎರಡು ಹಂತದ ಯಂತ್ರಕ್ಕೆ ಸಾವಿರ ಡಾಲರಿಗೆ ಮೇಲೇ ಆಗುತ್ತದೆ. ಹಾಗಾಗಿಯೇ ಮೂಲೆಯಲ್ಲಿ ಬಿದ್ದ ಹಳೆಯದರ ಮೇಲೆ ಕಣ್ಣು. ಕಣ್ಣು ಬೀಳುವುದು ತಪ್ಪೂ ಅಲ್ಲ. ಯಂತ್ರದಿಂದ ಹಿಮ ಎಸೆಯುವ ಉಪಾಯ ಕೆನಡಾದ್ದು. ಮಾಂಟ್ರಿಯಲ್ ಬಳಿಯ ಆರ್ಥರ್ ಸಿಕಾರ್ಡ್ ಎಂಬಾತ 1925ರಲ್ಲಿ ಲಾರಿಯ ಮೇಲೆ ಅಂಥದ್ದೊಂದನ್ನು ಕಟ್ಟಿ, 1927ರಲ್ಲಿ ಪಕ್ಕದ ಊಟ್ರಮಾಂಟ್ ಪಟ್ಟಣಕ್ಕೆ ಮಾರಿದ. ಆದರೆ ಮನೆಮಂದಿ ಹಿಂದೆ ನಡೆದುಕೊಂಡು ಹೋಗಿ ಬಳಸುವ ಗಟ್ಟಿಮುಟ್ಟು ಯಂತ್ರದ ತವರು ಎಂದರೆ ಮಿಷಿಗನ್ ಸರೋವರದ ಪಶ್ಚಿಮ ದಂಡೆ, ನಾನಿರುವ ವಿಸ್ಕಾನ್ಸಿನ್. ಬ್ರಿಲಿಯನ್ ಎಂಬ ಪುಟ್ಟ ಊರಿನ ಏರಿಯನ್ಸ್ ಕುಟುಂಬ 1933ರಲ್ಲಿ ಕಂಪನಿ ಕಟ್ಟಿ ಮೊದಲು ಮಾಡಿದ್ದು ಪವರ್ ಟಿಲ್ಲರ್. 1960ರಲ್ಲಿ ಅವರ ಕಿತ್ತಳೆ ಬಣ್ಣದ ಸ್ನೋ-ಥ್ರೋ ಬಂತು. ಗಿಲ್ಸನ್ ಪ್ಲಿಮತ್ತಿನದು, ಸಿಂಪ್ಲಿಸಿಟಿ ಮತ್ತು ಬೋಲೆನ್ಸ್ ಎರಡೂ ಪೋರ್ಟ್ ವಾಷಿಂಗ್ಟನ್ನಿನವು. ಇವುಗಳಲ್ಲಿ ಬಹುಪಾಲಿಗೆ ಕೂರಿಸಿದ್ದ ಟೆಕುಮ್ಸೆ ಎಂಜಿನ್ ಕೂಡ ತಯಾರಾಗುತ್ತಿದ್ದದ್ದು ಬ್ರಿಲಿಯನ್‌ನಿಂದ ಅರ್ಧ ಗಂಟೆ ದಾರಿಯ ನ್ಯೂ ಹೋಲ್‌ಸ್ಟೈನ್‌ನಲ್ಲಿ. ಆ ಕಾಲದ ತಗಡು ದಪ್ಪ, ಗೇರ್‌ಬಾಕ್ಸ್ ಬೀಡುಕಬ್ಬಿಣ. ಪ್ಲಾಸ್ಟಿಕ್ ಎಂಬುದು ಹೆಸರಿಗೂ ಇಲ್ಲ. ಐವತ್ತು ವರ್ಷ ದಾಟಿದ ಏರಿಯನ್ಸ್ ಈಗಲೂ ನಮ್ಮ ಬೀದಿಯಲ್ಲಿ ಹಿಮ ಎಸೆಯುತ್ತಿದೆ. ಅದರ ಯಜಮಾನ ಅದಕ್ಕಿಂತ ಸ್ವಲ್ಪ ದೊಡ್ಡವರು, ಅಷ್ಟೆ.

ಈಗ ರಿಪೇರಿಯ ಮಾತು. ಎಲ್ಲರೂ ಮಾಡುವ ಮೊದಲ ಕೆಲಸ ಎಂಜಿನ್ ಮುಂದೆ ಕೂರುವುದು. ಎಂಜಿನ್ ಶುರುವಾದರೆ ಗೆದ್ದೆ, ಇಲ್ಲದಿದ್ದರೆ ಸೋತೆ ಎನ್ನುವ ಲೆಕ್ಕ. ನನ್ನ ಲೆಕ್ಕ ತಿರುಗಾಮುರುಗಾ. ಎತ್ತು ಕೊಳ್ಳುವವರು ಮೈ ಸವರುವ ಮುಂಚೆ ಬಾಯಿ ಬಿಡಿಸಿ ಹಲ್ಲು ನೋಡುವ ಹಾಗೆ, ಮೊದಲು ಯಂತ್ರದ ಬಾಯಿ ನೋಡಿ. ಎಂಜಿನ್ ಕೆಟ್ಟರೆ ದಾರಿ ಇದೆ. ಇನ್ನೂರು ಡಾಲರಿನ ಆಸುಪಾಸಿಗೆ ಬೇರೊಂದು ಹೊಸ ಎಂಜಿನ್ ತಂದು ಕೂರಿಸಿಕೊಳ್ಳಬಹುದು, ತುಂಬಾ ಜನ ಕೂರಿಸಿದ್ದಾರೆ. ಆಗರ್, ಅದರ ದಂಡ, ನಡುವಿನ ಗೇರ್‌ಬಾಕ್ಸ್ ಹೋದರೆ ಮಾತ್ರ ಕಷ್ಟ. ಆ ಬಿಡಿಭಾಗಗಳು ಈಗ ಸಿಗುವುದು ಇನ್ನೊಂದು ಸತ್ತ ಯಂತ್ರದಿಂದ.

ಬಾಯಿ ನೋಡುವುದು ಹೇಗೆ? ಪ್ಲಗ್ಗಿನ ವಯರು ಕಿತ್ತಿಟ್ಟು ಕೆಲಸಕ್ಕೆ ಇಳಿಯಿರಿ, ಇದನ್ನು ಬಿಡುವಂತಿಲ್ಲ. ಆಗರ್ ಎರಡು ತುಂಡಾಗಿರುತ್ತದೆ, ಎಡಕ್ಕೊಂದು ಬಲಕ್ಕೊಂದು. ಎರಡೂ ಒಂದೇ ದಂಡದ ಮೇಲೆ ಕೊಳವೆಯಂತೆ ಕೂತಿರುತ್ತವೆ. ಅವನ್ನು ದಂಡಕ್ಕೆ ಹಿಡಿದಿಟ್ಟಿರುವುದು ಒಂದೊಂದು ಸಣ್ಣ ಬೋಲ್ಟ್, ಷಿಯರ್ ಬೋಲ್ಟ್. ಅದನ್ನು ಬೇಕೆಂದೇ ಮೆದು ಲೋಹದಲ್ಲಿ ಮಾಡಿರುತ್ತಾರೆ. ಆಗರ್‌ಗೆ ಕಲ್ಲೋ, ಗಡ್ಡೆಯೋ ಸಿಕ್ಕಿಕೊಂಡಾಗ ಈ ಬೋಲ್ಟ್ ಮುರಿದು, ದಂಡ ಒಳಗೆ ತನ್ನ ಪಾಡಿಗೆ ತಿರುಗುತ್ತದೆ, ಗೇರ್ ಉಳಿಯುತ್ತದೆ. ಅಮೆರಿಕದಲ್ಲಿ ಇದಕ್ಕೆ ಸಿಕ್ಕಿಬೀಳುವ ಅಪರಾಧಿ ಹೆಚ್ಚಾಗಿ ಯಾರು ಗೊತ್ತೇ? ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡ್ರೈವ್‌ವೇಗೆ ಎಸೆದ, ಹಿಮದಡಿ ಹೂತುಹೋದ ಭಾನುವಾರದ ದಪ್ಪ ಪತ್ರಿಕೆ. ಪತ್ರಿಕೆಗೆ ಬರೆಯುವವನಾಗಿ ಈ ಮಾತು ಹೇಳಲು ಸ್ವಲ್ಪ ಸಂಕೋಚ.

ಆ ಎರಡೂ ಬೋಲ್ಟ್ ಬಿಚ್ಚಿ. ಈಗ ಆಗರ್‌ನ ಎರಡು ತುಂಡನ್ನೂ ಕೈಯಲ್ಲಿ ತಿರುಗಿಸಿ ನೋಡಿ. ದಂಡ ಅಲುಗದೆ, ಅವು ಮಾತ್ರ ಸಲೀಸಾಗಿ ತಿರುಗಿದರೆ ನಿಮ್ಮ ಅದೃಷ್ಟ. ತಿರುಗದಿದ್ದರೆ ತುಕ್ಕು ಅವನ್ನು ದಂಡಕ್ಕೆ ಬೆಸುಗೆ ಹಾಕಿದ ಹಾಗೆ ಹಿಡಿದಿದೆ ಎಂದರ್ಥ. ಆಗ ಷಿಯರ್ ಬೋಲ್ಟ್ ಇದ್ದೂ ಇಲ್ಲದ್ದೇ. ಮುಂದಿನ ಸಲ ಏನಾದರೂ ಸಿಕ್ಕಿಕೊಂಡಾಗ ಮುರಿಯುವುದು ಗೇರ್‌ಬಾಕ್ಸಿನೊಳಗಿನ ಕಂಚಿನ ಹಲ್ಲುಚಕ್ರ. ಹಳೆಯ ಯಂತ್ರ ಕೊಂಡವರು ಎಂಜಿನ್ ಸರಿಮಾಡಿಕೊಂಡು ಖುಷಿಯಲ್ಲಿ ಹೊರಟು, ಮೊದಲ ದೊಡ್ಡ ಹಿಮಕ್ಕೇ ಗೇರ್ ಕಳೆದುಕೊಳ್ಳುವುದು ಹೀಗೆ.

ತುಕ್ಕು ಹಿಡಿದ ಆಗರ್ ಬಿಡಿಸಲು ಬೇಕಾದದ್ದು ಬಲ ಅಲ್ಲ, ತಾಳ್ಮೆ. ಕೊಳವೆಯ ಮೇಲೆ ಗ್ರೀಸ್ ತುಂಬುವ ನಿಪ್ಪಲ್ ಇರುತ್ತದೆ. ಇರಬೇಕು, ಬಣ್ಣ ಮತ್ತು ಕೆಸರಿನಡಿ ಮುಚ್ಚಿಹೋಗಿರಬಹುದು. ಬೋಲ್ಟಿನ ತೂತು, ಕೊಳವೆಯ ಎರಡೂ ತುದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಮಾರನೇ ದಿನ ಇನ್ನೊಮ್ಮೆ ಬಿಡಿ. ಪೈಪ್ ರೆಂಚಿನಲ್ಲಿ ದಂಡವನ್ನು ಹಿಡಿದು, ಆಗರ್‌ಗೆ ಮರದ ತುಂಡು ಆನಿಸಿ ಹಿಂದಕ್ಕೂ ಮುಂದಕ್ಕೂ ಸಣ್ಣಗೆ ತಟ್ಟಿ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಅಲ್ಲಿಂದ ದಾರಿ ಬಿಡುತ್ತದೆ. ಗ್ಯಾಸ್ ಟಾರ್ಚಿನಿಂದ ಕಾಯಿಸುವ ಮನಸ್ಸಿದ್ದರೆ ಟ್ಯಾಂಕಿನ ಪೆಟ್ರೋಲ್ ಪೂರಾ ಖಾಲಿ ಮಾಡಿ, ಯಂತ್ರವನ್ನು ಬಯಲಿಗೆ ತಂದು, ಸುರಿದ ಎಣ್ಣೆಯನ್ನೆಲ್ಲ ಒರೆಸಿ, ಆಮೇಲೆ. ಬಿಟ್ಟುಕೊಂಡ ಮೇಲೆ ನಿಪ್ಪಲ್ಲಿಗೆ ಗ್ರೀಸ್ ಗನ್ ಹಚ್ಚಿ, ತುದಿಯಲ್ಲಿ ಹೊಸ ಗ್ರೀಸ್ ಕಾಣುವ ತನಕ ಒತ್ತಿ. ಷಿಯರ್ ಬೋಲ್ಟನ್ನು ಅದರ ಕಂಪನಿಯದ್ದೇ ತನ್ನಿ. ಪದೇಪದೇ ಮುರಿಯುತ್ತದೆ ಅಂತ ಹಾರ್ಡ್‌ವೇರ್ ಅಂಗಡಿಯ ಗಟ್ಟಿ ಬೋಲ್ಟ್ ಹಾಕಿದವರ ಗೇರ್‌ಬಾಕ್ಸುಗಳು ಗುಜರಿಯಲ್ಲಿ ಧಾರಾಳವಾಗಿ ಸಿಗುತ್ತವೆ.

ಗೇರ್‌ಬಾಕ್ಸಿನ ಬಿರಟೆ ಬಿಚ್ಚಿ ಕಡ್ಡಿ ಅದ್ದಿ ನೋಡಿ. ಎಣ್ಣೆ ಬಂದರೆ ಸರಿ. ಹಾಲಿನ ಬಣ್ಣದ್ದು ಬಂದರೆ ನೀರು ಸೇರಿದೆ, ಬದಲಾಯಿಸಿ. ಹೊಂಬಣ್ಣದ ಪುಡಿ ಬಂದರೆ ಕಂಚಿನ ಹಲ್ಲು ಸವೆಯುತ್ತಿದೆ. ಅಂಥದ್ದಕ್ಕೆ ದುಡ್ಡು ಹಾಕಬೇಡಿ ಅಂತಲೇ ನನ್ನ ಸಲಹೆ.

ಬಾಯಿ ಪಾಸಾಯಿತು ಅಂತಿಟ್ಟುಕೊಳ್ಳಿ. ಈಗ ಎಂಜಿನ್. ಎಂಜಿನ್ ವಿಷಯದಲ್ಲಿ ನಾನು ಕಂಡ ಒಳ್ಳೆಯ ಪಾಠ ಒಬ್ಬ ಹಿರಿಯರದ್ದು. ಹಾಸನದವರು, ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಡಿಸೆಂಬರಿನಲ್ಲಿ ಇಲ್ಲಿಗೆ ಬಂದಿದ್ದರು. ಅಳಿಯ ನನ್ನ ಸ್ನೇಹಿತ. ಆತ ಅದಾಗಲೇ ಹಳೆಯ ಯಂತ್ರಕ್ಕೆ ಪ್ಲಗ್, ಕಾಯಿಲ್, ಕಾರ್ಬುರೇಟರ್ ಎಲ್ಲ ಆನ್‌ಲೈನಿನಲ್ಲಿ ತರಿಸಿ ಡಬ್ಬಿಗಳನ್ನು ಸಾಲಾಗಿ ಜೋಡಿಸಿದ್ದ. ಹಿರಿಯರು ಮಫ್ಲರ್ ಬಿಗಿ ಮಾಡಿಕೊಂಡು ಬಂದವರು ಡಬ್ಬಿಗಳ ಕಡೆ ನೋಡಲೂ ಇಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. "ಅಳಿಯಂದ್ರೇ, ಇದು ಪೆಟ್ರೋಲಲ್ಲ, ವಾರ್ನಿಷ್ಷು."

ಆಮೇಲೆ ಅವರು ಮಾಡಿದ್ದನ್ನು ನಾನು ನಿಂತು ನೋಡಿದೆ. ಎಣ್ಣೆಯ ಕಡ್ಡಿ ಎಳೆದು ಅದನ್ನೂ ಮೂಸಿದರು. ಎಂಜಿನ್ ಆಯಿಲಿನಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಕಾರ್ಬುರೇಟರಿನ ಸೂಜಿ ಸೋರಿ ಒಳಗೆ ಇಳಿದಿದೆ, ಹಾಗೇ ಓಡಿಸಿದರೆ ಬೇರಿಂಗ್ ಹಾಳು. ವಾಸನೆ ಇರಲಿಲ್ಲ. ಹಗ್ಗ ನಿಧಾನಕ್ಕೆ ಎಳೆದು ಒಂದು ಹಂತದಲ್ಲಿ ಗಟ್ಟಿಯಾಗುವುದನ್ನು ಕೈಯಲ್ಲೇ ಅಳೆದರು, ಕಂಪ್ರೆಷನ್ ಇದೆ. ಪ್ಲಗ್ ಬಿಚ್ಚಿ ನೋಡಿದರು, ಒಣ. ಅಷ್ಟು ಹೊತ್ತು ಹಗ್ಗ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಅಲ್ಲಿಯವರೆಗೆ ಬರುತ್ತಲೇ ಇಲ್ಲ. ಪ್ಲಗ್ಗನ್ನು ವಯರಿಗೆ ಸಿಕ್ಕಿಸಿ, ಅದರ ಮೈಯನ್ನು ಪ್ಲಗ್ ತೂತಿನಿಂದ ದೂರಕ್ಕೆ ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಅಳಿಯನ ಕೈಲಿ ಹಗ್ಗ ಎಳೆಸಿದರು. ನೀಲಿ ಕಿಡಿ, ಚಟ್ ಎಂದಿತು. ಒಳಗಿನಿಂದ ಒಂದು ಚಮಚ ತರಿಸಿಕೊಂಡು ಹೊಸ ಪೆಟ್ರೋಲನ್ನು ಪ್ಲಗ್ ತೂತಿಗೆ ಬಿಟ್ಟು, ಪ್ಲಗ್ ಬಿಗಿದು, ಚೆಲ್ಲಿದ್ದನ್ನು ಒರೆಸಿ, ಎಳೀರಿ ಎಂದರು. ಬುಡಬುಡ ಎಂದು ಎರಡು ಕ್ಷಣ ಓಡಿ ನಿಂತಿತು. "ಜೀವ ಇದೆ. ಹೊಟ್ಟೆಗೆ ಹೋಗ್ತಿಲ್ಲ, ಅಷ್ಟೆ." ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಗೆ ಎಂಜಿನ್ನಿಗಿಂತ ಚಮಚದ ಚಿಂತೆ: "ರೀ, ಅದು ಮಗೂಗೆ ಔಷಧಿ ಹಾಕೋ ಚಮಚ ಕಣ್ರೀ!"

ಕಿಡಿ, ಕಂಪ್ರೆಷನ್, ಪೆಟ್ರೋಲ್. ಈ ಮೂರರಲ್ಲಿ ಯಾವುದು ಇಲ್ಲ ಎಂದು ತಿಳಿಯುವ ಮೊದಲು ಒಂದು ಬಿಡಿಭಾಗವನ್ನೂ ಕೊಳ್ಳಬೇಡಿ. ಮೂಲೆಯಲ್ಲಿ ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ಹತ್ತಕ್ಕೆ ಎಂಟು ಸಲ ತಪ್ಪು ಪೆಟ್ರೋಲಿನದ್ದೇ ಎಂಬುದು ನನ್ನ ಅಂದಾಜು. ಪೆಟ್ರೋಲ್ ನಿಂತಲ್ಲೇ ಹಳಸುತ್ತದೆ. ಅದರಲ್ಲಿ ಬೇಗ ಹಾರಿಹೋಗುವ ಅಂಶ ಮೊದಲು ಹೋಗುತ್ತದೆ. ಚಳಿಯಲ್ಲಿ ಎಂಜಿನ್ ಶುರುವಾಗಲು ಬೇಕಾದದ್ದೂ ಅದೇ. ಉಳಿದದ್ದು ಗಾಳಿಯ ಜೊತೆ ಸೇರಿ ಅಂಟಾಗಿ, ಕಂದು ಬಣ್ಣದ ಪೊರೆಯಾಗಿ ಕಾರ್ಬುರೇಟರಿನ ತೂತುಗಳನ್ನು ಮುಚ್ಚುತ್ತದೆ. ಇಲ್ಲಿನ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10 ಎಥನಾಲ್ ಬೇರೆ, ಮೆಕ್ಕೆಜೋಳದ್ದು. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಥನಾಲಿಗೆಂದು ಮಾಡದ ಹಳೆಯ ರಬ್ಬರ್ ಪೈಪು ಮೆತ್ತಗಾಗಿ ಒಳಗೊಳಗೇ ಉದುರುತ್ತದೆ. ನಮ್ಮ ದೇಶದಲ್ಲಿ ಶೇ. 20 ಎಥನಾಲಿನ ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಹಾಗಾಗಿ ಅಡಿಕೆಗೆ ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಯಂತ್ರ, ಅಜ್ಜನ ಕಾಲದ ಸ್ಕೂಟರು ಇಟ್ಟುಕೊಂಡಿರುವ ಮಲೆನಾಡಿನ ಓದುಗರಿಗೂ ಈ ಪ್ಯಾರಾ ಅನ್ವಯ: ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕು ಖಾಲಿ ಮಾಡಿ ನಿಲ್ಲಿಸಿ.

ಕಾರ್ಬುರೇಟರ್ ಕೈಗೆ ತೆಗೆದುಕೊಳ್ಳೋಣ. ಟೆಕುಮ್ಸೆಯ ಚಳಿಗಾಲದ ಎಂಜಿನ್‌ಗಳಿಗೆ ಏರ್ ಫಿಲ್ಟರೇ ಇರುವುದಿಲ್ಲ. ಕಳೆದುಹೋಗಿದೆ ಎಂದು ಹುಡುಕಬೇಡಿ. ಹಿಮದಲ್ಲಿ ಧೂಳಿಲ್ಲ, ಫಿಲ್ಟರ್ ಇದ್ದರೆ ಅದೇ ಹೆಪ್ಪುಗಟ್ಟಿ ಉಸಿರು ಕಟ್ಟುತ್ತದೆ. ಅದರ ಬದಲು ಕಾರ್ಬುರೇಟರನ್ನು ಸುತ್ತುವರಿದ ಒಂದು ತಗಡಿನ ಪೆಟ್ಟಿಗೆ ಇರುತ್ತದೆ, ಸೈಲೆನ್ಸರ್ ಕಡೆಯ ಬಿಸಿಗಾಳಿ ತರಲು. ಅಡ್ಡ ಬರುತ್ತದೆ ಎಂದು ಅದನ್ನು ಕಿತ್ತೆಸೆದವರ ಎಂಜಿನ್ ಕೊರೆಯುವ ಚಳಿಯಲ್ಲಿ ಓಡುತ್ತಾ ಓಡುತ್ತಾ ಮಂಜು ಕಟ್ಟಿ ನಿಲ್ಲುತ್ತದೆ. ಪೆಟ್ಟಿಗೆ ಬಿಚ್ಚಿದರೆ ಕೆಳಗೆ ಒಂದು ಬಟ್ಟಲು. ಬಟ್ಟಲನ್ನು ಹಿಡಿದಿರುವ ಹಿತ್ತಾಳೆಯ ನಟ್ಟೇ ಈ ಕಥೆಯ ನಾಯಕ. ನೋಡಲು ಬರೀ ನಟ್ಟು; ಆದರೆ ಅದರ ಮೈಯಲ್ಲಿ ತೂತುಗಳಿವೆ. ಎಂಜಿನ್ ಭಾರ ಹೊತ್ತಾಗ ಕುಡಿಯುವ ಪೆಟ್ರೋಲ್ ಒಂದರ ಮೂಲಕ, ಸುಮ್ಮನೆ ಓಡುವಾಗಿನದು ಇನ್ನೊಂದರ ಮೂಲಕ. ಆ ಎರಡನೆಯದು ನಟ್ಟಿನ ತಿರುಪುಗೆರೆಗಳ ಬಳಿಯ ತೋಡಿನೊಳಗೆ ಇರುತ್ತದೆ, ಸೂಜಿಮೊನೆಗಿಂತ ಸಣ್ಣದು. ಕಾರ್ಬುರೇಟರ್ ಪೂರ್ತಿ ತೊಳೆದೆ, ಆದರೂ ಚೋಕ್ ಹಾಕಿದಾಗ ಮಾತ್ರ ಓಡುತ್ತದೆ, ಇಲ್ಲವೇ ವೂಂ ವೂಂ ಎಂದು ಏರಿಳಿಯುತ್ತದೆ ಎಂದು ಬರೆಯುವ ಎಲ್ಲರೂ ಈ ತೂತನ್ನು ನೋಡಿರುವುದಿಲ್ಲ. ನಟ್ಟನ್ನು ಬೆಳಕಿಗೆ ಹಿಡಿದು, ಬ್ರೆಡ್ ಚೀಲದ ಬಾಯಿಗೆ ಸುತ್ತುವ ತಂತಿಯ ಮೇಲಿನ ಕಾಗದ ಸುಲಿದು, ಆ ತಂತಿಯಿಂದ ಚುಚ್ಚಿ. ಡ್ರಿಲ್ ಬೇಡ, ತೂತು ದೊಡ್ಡದಾದರೆ ಕೆಲಸ ಕೆಟ್ಟಿತು. ಆಮೇಲೆ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ. ಕಣ್ಣಿಗೆ ಕನ್ನಡಕ ಇರಲಿ.

ಹಳೆಯ ಕಾರ್ಬುರೇಟರಿನಲ್ಲಿ ಎರಡು ತಿರುಪುಗಳಿದ್ದರೆ, ತಳದ್ದನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ, ಪಕ್ಕದ್ದನ್ನು ಒಂದು ಸುತ್ತು ಹೊರಗೆ. ಅಲ್ಲಿಂದ ಎಂಜಿನ್ ಬಿಸಿಯಾದ ಮೇಲೆ ಕಿವಿಗೆ ಬಿಟ್ಟದ್ದು. ಇಪ್ಪತ್ತು ಡಾಲರಿಗೆ ಹೊಸ ಕಾರ್ಬುರೇಟರ್ ಸಿಗುವಾಗ ಇಷ್ಟೆಲ್ಲ ಯಾಕೆ ಎನ್ನಬಹುದು. ಅಗ್ಗದ ನಕಲುಗಳಲ್ಲಿ ಈ ತಿರುಪುಗಳೇ ಇಲ್ಲದಿರುವುದು ಹೆಚ್ಚು. ಬಂದ ಹಾಗೆ ಓಡಿದರೆ ಓಡಿತು, ಇಲ್ಲದಿದ್ದರೆ ಇಲ್ಲ. ಹಳೆಯದನ್ನು ತೊಳೆದು ನೋಡಿ ಸೋತ ಮೇಲೆ ಹೊಸದು ತರಿಸಿ. ಪೈಪು, ಪ್ಲಗ್ ಮಾತ್ರ ಹೇಗೂ ಬದಲಾಯಿಸಿ, ಅವು ಚಿಲ್ಲರೆ ಖರ್ಚು. ಎಂಜಿನ್ ಆಯಿಲ್ 5ಡಬ್ಲ್ಯು-30 ಇರಲಿ. ಬೇಸಿಗೆಯ ಹುಲ್ಲು ಕತ್ತರಿಸುವ ಯಂತ್ರದ ದಪ್ಪ ಎಣ್ಣೆ ಹಾಕಿದರೆ ಜನವರಿಯಲ್ಲಿ ಹಗ್ಗವೇ ಬರುವುದಿಲ್ಲ.

ಕಿಡಿ ಇಲ್ಲದ ಪ್ರಸಂಗ ಕಡಿಮೆ. ಇದ್ದರೆ ಮೊದಲು ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ವಯರು ಎಲ್ಲೋ ಉಜ್ಜಿ ಕಬ್ಬಿಣಕ್ಕೆ ತಾಗಿದೆಯೇ ನೋಡಿ. ಅದಲ್ಲದಿದ್ದರೆ ಹಳೆಯವುಗಳಲ್ಲಿ ಫ್ಲೈವೀಲ್ ಅಡಿಯಲ್ಲಿ ಪಾಯಿಂಟ್ ಮತ್ತು ಕಂಡೆನ್ಸರ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದವರಿಗೆ ಪಾಯಿಂಟ್ ಉಜ್ಜುವುದನ್ನು ನಾನು ಹೇಳಿಕೊಡಬೇಕಿಲ್ಲ. ನುಣುಪು ಉಪ್ಪುಕಾಗದ ಒಮ್ಮೆ, ವಿಸಿಟಿಂಗ್ ಕಾರ್ಡ್ ಎರಡು ಸಲ, ನಡುವಿನ ಸಂದು 0.5 ಮಿಲಿಮೀಟರ್. ಫ್ಲೈವೀಲನ್ನು ಪುಲ್ಲರ್ ಹಾಕಿಯೇ ತೆಗೆಯಿರಿ, ಸುತ್ತಿಗೆಯಿಂದ ಅಂಚಿಗೆ ಹೊಡೆದರೆ ಅದು ಸೀಳುತ್ತದೆ.

ಎಂಜಿನ್ ಓಡಿತು, ಯಂತ್ರ ಮುಂದಕ್ಕೆ ಹೋಗುತ್ತಿಲ್ಲ ಎನ್ನುವ ದೂರು ಇನ್ನೊಂದು. ಕೆಳಗಿನ ತಗಡು ಬಿಚ್ಚಿದರೆ ಒಳಗೊಂದು ಚಂದದ ಉಪಾಯ ಕಾಣುತ್ತದೆ. ಸದಾ ತಿರುಗುವ ಒಂದು ಲೋಹದ ತಟ್ಟೆ, ಅದರ ಮುಖಕ್ಕೆ ಅಂಚಿನಿಂದ ಒತ್ತಿಕೊಂಡು ನಿಂತ ಇನ್ನೊಂದು ಚಕ್ರ, ಅಂಚಿಗೆ ರಬ್ಬರ್. ರಬ್ಬರ್ ಚಕ್ರ ತಟ್ಟೆಯ ನಡುವೆ ಇದ್ದರೆ ಚಲನೆ ಇಲ್ಲ. ಅಂಚಿನ ಕಡೆ ಸರಿದಷ್ಟೂ ವೇಗ. ನಡುವನ್ನು ದಾಟಿ ಆಚೆಗೆ ಹೋದರೆ ರಿವರ್ಸ್. ಗೇರು ಬದಲಾಯಿಸುವ ಕೋಲು ಮಾಡುವುದು ಇಷ್ಟೇ, ಚಕ್ರವನ್ನು ಆಚೀಚೆ ಸರಿಸುವುದು. ರಬ್ಬರ್ ಸವೆದಿದ್ದರೆ ಹೊಸದು ಸಿಗುತ್ತದೆ. ಸವೆಯದೆಯೂ ಜಾರುತ್ತಿದ್ದರೆ ಯಾರೋ ಪುಣ್ಯಾತ್ಮರು ಕೆಳಗಿನಿಂದ ಎಲ್ಲದಕ್ಕೂ ಗ್ರೀಸ್ ಬಳಿದಿದ್ದಾರೆ. ಬ್ರೇಕ್ ಕ್ಲೀನರಿನಿಂದ ಒರೆಸಿ. ಬೆಲ್ಟುಗಳನ್ನು ಮಾದರಿ ಸಂಖ್ಯೆ ಕೊಟ್ಟೇ ತರಿಸಿ, ಕಾರಿನ ಬೆಲ್ಟು ಅಳತೆಗೆ ಕೂತರೂ ಕೆಲಸಕ್ಕೆ ಬಾರದು.

ಇನ್ನು ಎಚ್ಚರಿಕೆ. ಇದನ್ನು ನಾನು ಸಲಹೆ ಎಂದಲ್ಲ, ಷರತ್ತು ಎಂದೇ ಹೇಳುತ್ತೇನೆ. ಈಗಿನ ಯಂತ್ರಗಳಲ್ಲಿ ಹಿಡಿಯ ಮೇಲಿನ ಸನ್ನೆ ಬಿಟ್ಟ ಕೂಡಲೇ ಆಗರ್ ನಿಲ್ಲುತ್ತದೆ. ಆರಂಭದ ಹಳೆಯವುಗಳಲ್ಲಿ ಅದಿಲ್ಲ. ನೀವು ಜಾರಿ ಬಿದ್ದರೂ ಅದು ತಿರುಗುತ್ತಲೇ ಇರುತ್ತದೆ. ಒದ್ದೆ ಹಿಮ ಕೊಳವೆಗೆ ಕಚ್ಚಿಕೊಂಡಾಗ ಕೈ ಹಾಕಿ ಬೆರಳು ಕಳೆದುಕೊಂಡವರು ಪ್ರತಿ ಚಳಿಗಾಲ ಇಲ್ಲಿನ ಆಸ್ಪತ್ರೆಗಳಿಗೆ ಬರುತ್ತಾರೆ, ಅದೂ ಹೆಚ್ಚಾಗಿ ಬಲಗೈ. ಎಂಜಿನ್ ಆರಿಸಿದ ಮೇಲೂ ಬಿಗಿದ ಬೆಲ್ಟಿನಲ್ಲಿ ಎಳೆತ ಉಳಿದಿರುತ್ತದೆ. ಸಿಕ್ಕಿಕೊಂಡದ್ದು ಬಿಟ್ಟ ಕೂಡಲೇ ಇಂಪೆಲರ್ ಅರ್ಧ ಸುತ್ತು ತಿರುಗಿದರೂ ಬೆರಳಿಗೆ ಅಷ್ಟೇ ಸಾಕು. ಎಂಜಿನ್ ಆರಿಸಿ, ನಿಲ್ಲುವ ತನಕ ಕಾದು, ಕೋಲಿನಿಂದ ತೆಗೆಯಿರಿ. ಕೈಯಿಂದ ಬೇಡ, ಕೈಗವಸು ಹಾಕಿದ ಕೈಯಿಂದಲೂ ಬೇಡ. ಗರಾಜಿನ ಬಾಗಿಲು ತೆರೆದಿದೆ ಎಂದುಕೊಂಡು ಒಳಗೇ ಎಂಜಿನ್ ಬಿಸಿಮಾಡುವುದೂ ಬೇಡ. ಮಗು ಮಲಗಿರುವ ಕೋಣೆ ಗರಾಜಿನ ಮೇಲೇ ಇರುತ್ತದೆ, ಹೊಗೆ ಅಲ್ಲಿಗೇ ಹೋಗುತ್ತದೆ. ಮನೆಯಲ್ಲಿ ಹದಿಹರೆಯದ ಮಕ್ಕಳು ಈ ಕೆಲಸಕ್ಕೆ ಇಳಿಯುವವರಾದರೆ, ಸುರಕ್ಷತೆಯ ಸನ್ನೆ ಇಲ್ಲದ ಮಾದರಿ ಎಷ್ಟೇ ಚೆನ್ನಾಗಿ ಓಡಲಿ, ನಾನಾದರೆ ಇಟ್ಟುಕೊಳ್ಳುವುದಿಲ್ಲ.

ಹಾಗಾದರೆ ಯಾವುದನ್ನು ಉಳಿಸಬೇಕು? ಬಾಯಿಯ ತಗಡು ತಳದಲ್ಲಿ ತೂತು ಬಿದ್ದಿರಬಾರದು, ಆಗರ್ ದಂಡದಿಂದ ಬಿಡಬೇಕು, ಗೇರ್‌ಬಾಕ್ಸಿನಲ್ಲಿ ಎಣ್ಣೆ ಇರಬೇಕು, ಇಂಪೆಲರ್ ಹಿಡಿದು ಅಲುಗಿಸಿದರೆ ಗಡಗಡ ಅನ್ನಬಾರದು. ಇಷ್ಟಿದ್ದರೆ ಸತ್ತ ಎಂಜಿನ್ ಇದ್ದರೂ ಮುಂದುವರಿಯಿರಿ. ಇದರಲ್ಲಿ ಎರಡು ಇಲ್ಲದಿದ್ದರೆ ಎಂಜಿನ್ ಮೊದಲ ಎಳೆತಕ್ಕೇ ಹಾಡಿದರೂ ಬಿಟ್ಟುಬಿಡಿ. ಟೆಕುಮ್ಸೆ ಕಂಪನಿ 2008ರ ಕೊನೆಯಲ್ಲಿ ಎಂಜಿನ್ ತಯಾರಿಕೆ ನಿಲ್ಲಿಸಿದೆ, ಆದರೆ ಪೈಪು, ಪ್ಲಗ್, ಗ್ಯಾಸ್ಕೆಟ್, ಕಾರ್ಬುರೇಟರಿನ ಸೂಜಿಗೆ ಈಗಲೂ ಕೊರತೆಯಿಲ್ಲ. ಎಂಜಿನ್ನಿನ ಹೊದಿಕೆಯ ಮೇಲೆ ಒತ್ತಿರುವ ಸಂಖ್ಯೆ ಹುಡುಕಿ ಬರೆದಿಟ್ಟುಕೊಳ್ಳಿ. ಸೀರಿಯಲ್ ಸಂಖ್ಯೆ 4122 ಎಂದು ಶುರುವಾದರೆ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ಆ ವರ್ಷದ ಎಷ್ಟನೇ ದಿನ ಎಂಬುದು. 1974ರದ್ದಾದರೆ ಮೇ 2ರಂದು ಹುಟ್ಟಿದ ಎಂಜಿನ್ ಅದು. 1974ರದ್ದೋ 1984ರದ್ದೋ ಎಂಬುದನ್ನು ಯಂತ್ರದ ಮಾದರಿ ನೋಡಿ ನೀವೇ ತೀರ್ಮಾನಿಸಬೇಕು.

ಮಾರ್ಚ್ ಕೊನೆಗೆ, ಇನ್ನು ಹಿಮ ಬೀಳದು ಎನಿಸಿದ ದಿನ, ಟ್ಯಾಂಕಿನ ಪೆಟ್ರೋಲ್ ತೆಗೆದು, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವ ತನಕ ಬಯಲಿನಲ್ಲಿ ಓಡಿಸಿ. ಆಗರ್‌ಗೆ ಗ್ರೀಸ್ ಒತ್ತಿ ಮೂಲೆಗೆ ತಳ್ಳಿ. ಬೇಸಿಗೆಯಲ್ಲೇ ಒಂದು ಜೊತೆ ಷಿಯರ್ ಬೋಲ್ಟ್ ಹೆಚ್ಚಿಗೆ ತಂದು ಹಿಡಿಗೆ ಟೇಪ್ ಸುತ್ತಿ ಅಂಟಿಸಿಡಿ. ಮೊದಲ ದೊಡ್ಡ ಹಿಮ ಬಿದ್ದ ಬೆಳಿಗ್ಗೆ ಊರಿನ ಯಾವ ಅಂಗಡಿಯಲ್ಲೂ ಅವು ಸಿಗುವುದಿಲ್ಲ.